ಆನೇಕಲ್ ಕಡೆಯ ಸರ್ಕಾರಿ ಶಾಲೆಗೆ ಕುಡಿಯುವ ನೀರು: ಆರ್‌ಒ ಘಟಕವೋ ಮಳೆ ನೀರೋ? ವಿದೇಶಿ ಕ್ಲಬ್ಬಿನ ಹಣ ತರಿಸೋದು ಹೇಗೆ?

ದಕ್ಷಿಣ_ಕಾರ್ಯದರ್ಶಿ

ನಮ್ಮದು ಬೆಂಗಳೂರು ದಕ್ಷಿಣದ ಒಂದು ಸೇವಾ ಕ್ಲಬ್. ಈ ವರ್ಷ ಆನೇಕಲ್ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿಕೊಡಬೇಕು ಅಂತ ತೀರ್ಮಾನವಾಗಿದೆ. ಮಕ್ಕಳು 180. ಎರಡು ಆರ್‌ಸಿಸಿ ಕಟ್ಟಡ, ಎರಡರ ಚಾವಣಿ ಸೇರಿ ಸುಮಾರು 280 ಚದರ ಮೀಟರ್. ಈಗಿರೋದು ಒಂದು ಬೋರ್‌ವೆಲ್, ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಪ್ರಮಾಣ) 650 ತೋರಿಸುತ್ತೆ. ಸದಸ್ಯರಿಂದ ಕೂಡಿರುವ ಹಣ ನಾಲ್ಕೂವರೆ ಲಕ್ಷ. ಜರ್ಮನಿಯ ಒಂದು ಕ್ಲಬ್ 6,000 ಯೂರೋ ಕೊಡಲು ಒಪ್ಪಿದೆ.

ಪ್ರಶ್ನೆ ಮೂರು. ಒಂದು, ಆರ್‌ಒ ಹಾಕೋಣ ಅಂತ ಕೆಲವರು, ಮಳೆ ನೀರು ಹಿಡಿಯೋಣ ಅಂತ ಕೆಲವರು, ಯಾವುದು ಸರಿ? ಎರಡು, ಆ ಯೂರೋ ಹಣ ನಮ್ಮ ಕ್ಲಬ್ಬಿನ ಖಾತೆಗೇ ಬರಬಹುದಾ? ನಮಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲ. ಮೂರು, ನೇಪಾಳದ ಒಂದು ಶಾಲೆಗೂ ನಮ್ಮ ಕಡೆಯಿಂದ ಏನಾದರೂ ಕಳಿಸಬೇಕು ಅಂತ ಆಸೆ ಇದೆ, ದಾರಿ ಯಾವುದು?

ಹನಿಲೆಕ್ಕ

ನೀರಿನ ಭಾಗಕ್ಕೆ ಮಾತ್ರ ಉತ್ತರ ಕೊಡ್ತೀನಿ.

ಮೊದಲು ಯಂತ್ರ ಬಿಡಿ, ನೀರಿನ ವರದಿ ತರಿಸಿ. ಕೈಲಿ ಹಿಡಿದು ನೋಡುವ ಟಿಡಿಎಸ್ ಮೀಟರ್ ಹೇಳೋದು ಕರಗಿದ ಲವಣದ ಒಟ್ಟು ಪ್ರಮಾಣ ಅಷ್ಟೇ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಟಿಡಿಎಸ್ 500 ಒಳಗಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 2,000 ತನಕ ನಡೆಯುತ್ತೆ. ಹಾಗಾಗಿ 650 ಒಂದನ್ನೇ ನೋಡಿ ಆರ್‌ಒ ಬೇಕೇ ಬೇಕು ಅನ್ನೋಕೆ ಆಗಲ್ಲ. ನೋಡಬೇಕಾದ್ದು ಫ್ಲೋರೈಡ್ (ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದರೆ 1.5), ನೈಟ್ರೇಟ್ (45, ಇದರಲ್ಲಿ ಸಡಿಲಿಕೆ ಇಲ್ಲ), ಮತ್ತೆ 100 ಮಿಲಿಲೀಟರಿನಲ್ಲಿ ಇ-ಕೋಲಿ ಇರಲೇಬಾರದು. ಆನೇಕಲ್ ಸುತ್ತ ಕೈಗಾರಿಕಾ ಪ್ರದೇಶಗಳಿವೆ, ಆದ್ದರಿಂದ ಭಾರ ಲೋಹಗಳ ಪರೀಕ್ಷೆಯನ್ನೂ ಸೇರಿಸಿ. ನೈಟ್ರೇಟ್ ಮಿತಿ ಮೀರಿದ್ದರೆ ಕುದಿಸಿದರೂ ಕ್ಲೋರಿನ್ ಹಾಕಿದರೂ ಹೋಗಲ್ಲ. ಆಗ ಬೋರ್‌ವೆಲ್ ನೀರನ್ನು ಶೌಚಾಲಯಕ್ಕೆ, ಗಿಡಕ್ಕೆ ಬಿಟ್ಟು ಕುಡಿಯೋಕೆ ಬೇರೆ ಮೂಲ ಹುಡುಕಬೇಕು, ಇಲ್ಲ ಆರ್‌ಒ ಹಾಕಬೇಕು.

ಇಂಥ ತೊಂದರೆ ಇಲ್ಲದಿದ್ದರೆ ನನ್ನ ಮತ ಮಳೆ ನೀರಿಗೆ. ಆರ್‌ಒ ಒಳಗೆ ಹೋಗುವ ನೀರಿನಲ್ಲಿ ಅರ್ಧ, ಕೆಲವು ಸಲ ಅದಕ್ಕೂ ಹೆಚ್ಚು, ಚರಂಡಿಗೆ ಹೋಗುತ್ತೆ. ಬೋರ್‌ವೆಲ್ ಬತ್ತುವ ಕಡೆ ಇದು ದೊಡ್ಡ ನಷ್ಟ. ಮೇಲೆ ಕಾರ್ಟ್ರಿಡ್ಜ್, ಮೆಂಬ್ರೇನ್, ಕರೆಂಟ್ ಖರ್ಚು ಪ್ರತಿ ವರ್ಷ.

ಈಗ ಲೆಕ್ಕ. ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಆರ್‌ಸಿಸಿ ಚಾವಣಿಯಿಂದ ಶೇ 85 ಕೈಗೆ ಸಿಗುತ್ತೆ ಅಂದುಕೊಂಡರೆ 280 × 0.97 × 0.85, ಅಂದರೆ ವರ್ಷಕ್ಕೆ 2.3 ಲಕ್ಷ ಲೀಟರ್. ಒಂದು ಸಲ 20 ಮಿಲಿಮೀಟರ್ ಮಳೆ ಬಂದರೆ 4,760 ಲೀಟರ್. ಕುಡಿಯೋದು ಮತ್ತು ಬಿಸಿಯೂಟದ ಅಡುಗೆ ಸೇರಿ ಮಗುವಿಗೆ 3 ಲೀಟರ್ ಹಿಡಿದರೆ ದಿನಕ್ಕೆ 540 ಲೀಟರ್ ಬೇಕು. 20,000 ಲೀಟರ್ ಸಂಗ್ರಹ ಇದ್ದರೆ 37 ಶಾಲಾ ದಿನ. ಊಟ ಹೊರಗಿನ ಅಡುಗೆಮನೆಯಿಂದ ಬರೋ ಶಾಲೆಯಾದರೆ ಇನ್ನೂ ಹೆಚ್ಚು ದಿನ ಬರುತ್ತೆ. ಡಿಸೆಂಬರಿನಿಂದ ಮಾರ್ಚ್ ತನಕ ಮಳೆ ನೆಚ್ಚಿಕೊಳ್ಳೋ ಹಾಗಿಲ್ಲ, ಆ ತಿಂಗಳುಗಳಿಗೆ ಬದಲಿ ವ್ಯವಸ್ಥೆ ಮೊದಲೇ ಯೋಚಿಸಿ. ಮಳೆ ನೀರೊಂದೇ ವರ್ಷಪೂರ್ತಿ ಸಾಕು ಅಂತ ಶಾಲೆಗೆ ಮಾತು ಕೊಡಬೇಡಿ.

ಕೆಡೋದು ಎಲ್ಲಿ ಅಂದರೆ, ಮೊದಲ ಮಳೆಯ ನೀರು ಬಿಡುವ ಜಾಗದಲ್ಲಿ. ಚಾವಣಿಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಹೋಗೋಕೆ ಕನಿಷ್ಠ ಮೊದಲ 1 ಮಿಲಿಮೀಟರ್ ಮಳೆ ಹೊರಗೆ ಹೋಗಬೇಕು. ನಿಮ್ಮ ಚಾವಣಿಗೆ ಅದು 280 ಲೀಟರ್. ಗುತ್ತಿಗೆದಾರರು ಹಾಕಿಕೊಡೋದು 110 ಮಿಲಿಮೀಟರಿನ 3 ಮೀಟರ್ ಪೈಪು, ಕೆಳಗೊಂದು ಮುಚ್ಚಳ. ಆ ಪೈಪು ಹಿಡಿಯೋದು ಹತ್ತಿರಹತ್ತಿರ 25 ಲೀಟರ್. ಉಳಿದ ಕೊಳೆಯೆಲ್ಲ ನೇರ ಟ್ಯಾಂಕಿಗೆ. ಪ್ರತಿ ಕಟ್ಟಡಕ್ಕೂ 150 ಲೀಟರಿನ ಒಂದು ಡ್ರಮ್ ಇಡಿಸಿ, ತಳದಲ್ಲಿ ಸಣ್ಣ ತೂತು ಬಿಡಿ. ಮಳೆ ನಿಂತ ಮೇಲೆ ಅದು ತಾನೇ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗುತ್ತೆ, ಯಾರೂ ನಲ್ಲಿ ತಿರುಗಿಸೋದನ್ನ ನೆನಪಿಟ್ಟುಕೊಳ್ಳಬೇಕಾಗಿಲ್ಲ. ತೂತು ಎಲೆಯಿಂದ ಕಟ್ಟದಂತೆ ಒಳಗೆ ಜಾಲರಿ ಇರಲಿ.

ಎರಡನೇ ತಪ್ಪು ಮರಳಿನ ಫಿಲ್ಟರು. 200 ಲೀಟರ್ ಡ್ರಮ್ಮಿನಲ್ಲಿ ಮರಳು, ಜಲ್ಲಿ ತುಂಬಿ ಟ್ಯಾಂಕಿಗೆ ಮೊದಲು ಇಡ್ತಾರೆ. ಅಷ್ಟಗಲದ ಮರಳಿನಲ್ಲಿ ಗಂಟೆಗೆ ಇಳಿಯೋದು ಸುಮಾರು 1,300 ಲೀಟರ್. ಗಂಟೆಗೆ 60 ಮಿಲಿಮೀಟರ್ ರಭಸದ ಮಳೆಗೆ ನಿಮ್ಮ ಚಾವಣಿಯಿಂದ ಬರೋದು 14,000 ಲೀಟರ್! ಹೆಚ್ಚಿನದೆಲ್ಲ ಡ್ರಮ್ ಮೇಲಿಂದ ಉಕ್ಕಿ ಅಂಗಳಕ್ಕೆ. ಟ್ಯಾಂಕಿಗೆ ಮೊದಲು ತೆಗೆದು ತೊಳೆಯೋ ಸ್ಟೀಲ್ ಜಾಲರಿ ಫಿಲ್ಟರ್ ಸಾಕು. ಮರಳಿನದು ಟ್ಯಾಂಕ್ ಆದಮೇಲೆ, ನಲ್ಲಿಗೆ ಮೊದಲು ಇರಲಿ.

ಟ್ಯಾಂಕ್ ನೆಲದ ಮೇಲೆ ಗಟ್ಟಿ ಕಟ್ಟೆಯ ಮೇಲೇ ಇರಬೇಕು. 10,000 ಲೀಟರ್ ಅಂದರೆ 10 ಟನ್ ಭಾರ, ಹಳೇ ಚಾವಣಿ ಮೇಲೆ ಇಡೋ ಮಾತೇ ಬೇಡ. ಎಷ್ಟು ಅಗಲದ ಪೈಪಿನಿಂದ ನೀರು ಒಳಗೆ ಬರುತ್ತೋ ಉಕ್ಕಿ ಹೋಗುವ ಪೈಪೂ ಅಷ್ಟೇ ಅಗಲ, ಬಾಯಿಗೆ ಸೊಳ್ಳೆ ಜಾಲರಿ. ನೀರು ತೆಗೆಯೋ ಪೈಪು ತಳದಿಂದ ಒಂದು ಗೇಣು ಮೇಲೆ, ಕೆಸರು ತೆಗೆಯೋಕೆ ಬೇರೆ ವಾಲ್ವ್ ತಳಕ್ಕೇ. ಮುಚ್ಚಳಕ್ಕೆ ಬೀಗ. ಬೆಳಕು ಒಳಗೆ ಬಿದ್ದರೆ ಪಾಚಿ ಕಟ್ಟುತ್ತೆ.

ಇವನ್ನೆಲ್ಲ ಕಣ್ಣಾರೆ ನೋಡಬೇಕು ಅಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಕೊಯ್ಲು ಕೇಂದ್ರ ಇದೆ. ಗುತ್ತಿಗೆದಾರರನ್ನು ಕರೆಯೋ ಮೊದಲು ನಿಮ್ಮ ಸಮಿತಿಯವರು ಒಮ್ಮೆ ಹೋಗಿಬನ್ನಿ.

ಖರ್ಚುಪಟ್ಟಿ

ಹಣದ ವಿಷಯ. ನಿಮ್ಮ ಕ್ಲಬ್ಬಿನ ಖಾತೆಗೆ ಯೂರೋ ಬರುವಂತಿಲ್ಲ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ವಿದೇಶಿ ದೇಣಿಗೆ ಪಡೆಯುವುದು ಎಫ್‌ಸಿಆರ್‌ಎ ಉಲ್ಲಂಘನೆ; ಸಣ್ಣ ಮೊತ್ತ ಅಂತ ವಿನಾಯಿತಿ ಇಲ್ಲ. ಆ ಕ್ಲಬ್ಬಿನ ಸದಸ್ಯರು ಬೆಂಗಳೂರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವ ನಮ್ಮೂರವರು ಕೊಟ್ಟರೂ ಹಾಗೇ, ಅವರು ವಿದೇಶಿ ಪ್ರಜೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ಭಾರತೀಯರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ಮಾತ್ರ ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ.

ದಾರಿಗಳು: ನೀವೇ ನೋಂದಣಿ ಮಾಡಿಸಬೇಕೆಂದರೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮೂಲ ಚಟುವಟಿಕೆಗೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಈ ಒಂದು ಯೋಜನೆಗಾಗಿ ಅದು ಅತಿಯಾಯಿತು. ಪೂರ್ವಾನುಮತಿ ಎಂದರೆ ಇಂಥ ದಾನಿಯಿಂದ, ಇಷ್ಟು ಮೊತ್ತ, ಇಂಥ ಕೆಲಸಕ್ಕೆ ಎಂದು ಗೃಹ ಸಚಿವಾಲಯದಿಂದ ಪಡೆಯುವುದು. ದಾನಿಯ ಬದ್ಧತಾ ಪತ್ರ ಬೇಕು, ಕಾಯಬೇಕು.

ನಿಮಗೆ ಹೊಂದುವುದು ಮೂರನೆಯದು. ಶಿಕ್ಷಣ ಅಥವಾ ಸಾಮಾಜಿಕ ಉದ್ದೇಶಕ್ಕೆ ನೋಂದಣಿ ಇರುವ ಒಂದು ಟ್ರಸ್ಟನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಿ. ಇಲ್ಲಿ ಹೆಚ್ಚಿನವರು ಎಡವುವುದು: 2020ರ ತಿದ್ದುಪಡಿಯ ನಂತರ ಆ ಟ್ರಸ್ಟ್ ವಿದೇಶಿ ಹಣವನ್ನು ನಿಮ್ಮ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ. ಟ್ರಸ್ಟೇ ತನ್ನ ಯೋಜನೆಯಾಗಿ ನಡೆಸಿ ಟ್ಯಾಂಕ್ ಮಾರಿದವರಿಗೆ, ಪ್ಲಂಬರಿಗೆ ನೇರವಾಗಿ ಪಾವತಿಸಬೇಕು. ಹಣ ಮೊದಲು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೆ ಬರಬೇಕು. ಆಡಳಿತ ವೆಚ್ಚ ಶೇ 20 ದಾಟಬಾರದು. ಬಿಲ್ಲುಗಳನ್ನು ಎರಡು ಭಾಗ ಮಾಡಿ: ಟ್ಯಾಂಕ್, ಕಟ್ಟೆ ಟ್ರಸ್ಟ್ ಹೆಸರಿನಲ್ಲಿ, ಪೈಪು, ನಲ್ಲಿ, ಪರೀಕ್ಷೆ ನಿಮ್ಮ ಹೆಸರಿನಲ್ಲಿ. ಒಂದೇ ಬಿಲ್ಲನ್ನು ಇಬ್ಬರ ಲೆಕ್ಕದಲ್ಲೂ ತೋರಿಸಿದರೆ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುವುದು ಖಂಡಿತ.

ನಿಮ್ಮದು ರೋಟರಿಯಾಗಿದ್ದರೆ ಜಾಗತಿಕ ಅನುದಾನದ ಆಸೆ ಇರಬಹುದು. ಅದರ ಕನಿಷ್ಠ ಬಜೆಟ್ 30,000 ಡಾಲರ್, ಅಂದರೆ 25 ಲಕ್ಷ ರೂಪಾಯಿಗೂ ಮೇಲೆ. ಒಂದು ಶಾಲೆಗೆ ಆಗದು, ಅಕ್ಕಪಕ್ಕದ ಕ್ಲಬ್ಬುಗಳು ಸೇರಿ ಹಲವು ಶಾಲೆಗಳಿಗೆ ಒಟ್ಟಿಗೆ ಮಾಡಬಹುದು. ಅರ್ಜಿಯ ಜೊತೆ ಸ್ಥಳೀಯ ಅಗತ್ಯಗಳ ಸಮೀಕ್ಷೆ ಬೇಕು. ಮಂಜೂರಾತಿಗೆ ಮುನ್ನ ಆರಂಭಿಸಿದ ಕೆಲಸಕ್ಕೆ ಹಣ ಸಿಗುವುದಿಲ್ಲ, ಆದ್ದರಿಂದ ಆತುರಪಟ್ಟು ಟ್ಯಾಂಕ್ ಕೊಳ್ಳಬೇಡಿ.

ನೇಪಾಳ: ದತ್ತಿ ಟ್ರಸ್ಟ್ ಅಥವಾ ಸಂಸ್ಥೆ ತನ್ನ ಆದಾಯವನ್ನು ಭಾರತದ ಹೊರಗೆ ಖರ್ಚು ಮಾಡಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮೋದನೆ ಇಲ್ಲದೆ ಅದಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಕ್ಲಬ್ಬಿನ ದೇಣಿಗೆ ಖಾತೆಯಿಂದ ಕಳಿಸಬೇಡಿ. ನಿಮ್ಮ ಅಂತರರಾಷ್ಟ್ರೀಯ ಪ್ರತಿಷ್ಠಾನದ ಮೂಲಕ ಹೋಗುವುದು ಸರಿಯಾದ ದಾರಿ. ಇಲ್ಲವಾದರೆ ಹಣಕ್ಕಿಂತ ಕೌಶಲ ಕಳಿಸಿ: ನೀರಿನ ಪರೀಕ್ಷೆ ಕಲಿಸಬಲ್ಲ ಇಬ್ಬರು ಸದಸ್ಯರು ತಮ್ಮ ಸ್ವಂತ ಖರ್ಚಿನಲ್ಲಿ ಹೋಗಿ ಅಲ್ಲಿನ ಶಿಕ್ಷಕರಿಗೆ ಕಲಿಸಿ ಬಂದರೆ ಅದೂ ದೊಡ್ಡ ಸೇವೆ.

ಶಾಲೆಬಾಗಿಲು

ಮೇಲಿನ ಎರಡೂ ಉತ್ತರ ಸರಿಯಾಗಿವೆ. ಶಾಲೆಯ ಕಡೆಯಿಂದ ಎರಡು ಮಾತು. ಮುಖ್ಯ ಶಿಕ್ಷಕರು ಬಾಯಿಮಾತಲ್ಲಿ ಒಪ್ಪಿದರೆ ಸಾಲದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಿರ್ಣಯ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಲಿಖಿತ ಅನುಮತಿ, ಕೊನೆಗೆ ಹಸ್ತಾಂತರ ಪತ್ರ, ಮೂರೂ ಬೇಕು. ಮುಖ್ಯ ಶಿಕ್ಷಕರಿಗೆ ವರ್ಗಾವಣೆ ಆಗುತ್ತೆ. ಅವರ ಜೊತೆ ಟ್ಯಾಂಕಿನ ವಿಷಯ ತಿಳಿದವರೂ ಹೋದ ಹಾಗೆ. ಅದಕ್ಕೇ ಅಡುಗೆಯವರಲ್ಲಿ ಒಬ್ಬರಿಗೆ, ಎಸ್‌ಡಿಎಂಸಿಯ ಒಬ್ಬ ಪೋಷಕರಿಗೆ, ಶಾಲಾ ಸಂಸತ್ತಿನ 6 ಮತ್ತು 7ನೇ ತರಗತಿ ಮಕ್ಕಳಿಗೆ ಜಾಲರಿ ತೊಳೆಯೋದು, ನಲ್ಲಿ ವಾಷರ್ ಸೋರಿದ್ದನ್ನು ಗುರುತಿಸೋದು ಕಲಿಸಿ. ಕ್ಲೋರಿನ್ ಮಕ್ಕಳ ಕೈಗೆ ಬೇಡ.

ನಲ್ಲಿ ಎಲ್ಲ ಒಂದೇ ಎತ್ತರಕ್ಕೆ ಹಾಕಬೇಡಿ. ಒಂದನೇ ತರಗತಿ ಮಗುವಿಗೆ ಎಟುಕದ ನಲ್ಲಿಯಿಂದ ನೀರು ಕುಡಿಸೋಕೆ ದೊಡ್ಡ ಮಕ್ಕಳು ಬರಬೇಕಾಗುತ್ತೆ.

ದಕ್ಷಿಣ_ಕಾರ್ಯದರ್ಶಿ

ಮೂವರಿಗೂ ಧನ್ಯವಾದ. ಟ್ರಸ್ಟ್ ದಾರಿಯಲ್ಲೇ ಹೋಗ್ತೀವಿ. ಇನ್ನೆರಡು ಕೇಳ್ತೀನಿ: ಕ್ಲೋರಿನ್ ಎಷ್ಟು ಹಾಕಬೇಕು? ಮತ್ತೆ ಜರ್ಮನಿಯವರಿಗೆ ವರದಿಯಲ್ಲಿ ಏನು ಕಳಿಸಬೇಕು, ಫೋಟೋ ಸಾಕಾ?

ಹನಿಲೆಕ್ಕ

10,000 ಲೀಟರಿಗೆ, ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 20 ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪುಡಿಯಲ್ಲಿ ಶೇ 33 ಕ್ಲೋರಿನ್ ಇದ್ದರೆ 60 ಗ್ರಾಂ; ಬಾಯಿ ಬಿಚ್ಚಿ ಸತ್ವ ಇಳಿದು ಶೇ 25ಕ್ಕೆ ಬಂದಿದ್ದರೆ 80 ಗ್ರಾಂ. ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್ ನೀರಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ. ಅರ್ಧ ಗಂಟೆ ಬಿಟ್ಟು ಪರೀಕ್ಷೆ ಕಿಟ್ಟಿನಲ್ಲಿ ಉಳಿದ ಕ್ಲೋರಿನ್ 0.2 ಮಿಲಿಗ್ರಾಂಗೆ ಕಡಿಮೆ ಇಲ್ಲ ಅಂತ ನೋಡಿ. ಅಷ್ಟೂ ಉಳಿದಿಲ್ಲ ಅಂದರೆ ಒಳಗೆ ಕೆಸರಿದೆ ಅಂತ ಅನುಮಾನಪಡಿ. ಇನ್ನಷ್ಟು ಪುಡಿ ಹಾಕೋ ಬದಲು ಟ್ಯಾಂಕ್ ತೊಳೆಸಿ.

ಸಮಯ ನೋಡಿಕೊಳ್ಳಿ: ಕಟ್ಟೆ ಫೆಬ್ರುವರಿಯಲ್ಲಿ, ಪೈಪು ಮಾರ್ಚಿನಲ್ಲಿ, ಏಪ್ರಿಲ್ ಕೊನೆಗೆ ಚಾವಣಿ ಗುಡಿಸಿ ತೊಳೆದರೆ ಮೇ ಮಳೆಗೆ ಟ್ಯಾಂಕ್ ತುಂಬಿರುತ್ತೆ. ಶಾಲೆ ತೆರೆಯೋ ಹಿಂದಿನ ದಿನ ಕ್ಲೋರಿನ್ ಹಾಕಿಸಿ.

ಖರ್ಚುಪಟ್ಟಿ

ಫೋಟೋ ಸಾಲದು. ಕೆಲಸಕ್ಕೆ ಮೊದಲಿನ ನೀರಿನ ವರದಿ, ಮುಗಿದ ಮೇಲಿನ ವರದಿ, ಆರು ತಿಂಗಳ ನಂತರದ ವರದಿ. ಟ್ರಸ್ಟಿನ ಬಿಲ್ಲುಗಳ ಪ್ರತಿ ಮತ್ತು ಹಣ ಬಳಕೆ ಪ್ರಮಾಣಪತ್ರ. ನಲ್ಲಿಗೆ ಹೋಗುವ ಪೈಪಿಗೆ ಒಂದು ನೀರಿನ ಮೀಟರ್ ಹಾಕಿಸಿ ಅದರ ತಿಂಗಳ ಓದು. ಮೀಟರ್ ಓದು ಎರಡು ತಿಂಗಳು ಒಂದೇ ಆಗಿದ್ದರೆ ಏನೋ ನಿಂತಿದೆ ಎಂದರ್ಥ, ಅದು ನಿಮಗೆ ಬೆಂಗಳೂರಿನಲ್ಲಿ ಕೂತೇ ಗೊತ್ತಾಗುತ್ತೆ. ನಿಮ್ಮ ನಾಲ್ಕೂವರೆ ಲಕ್ಷದಲ್ಲಿ 45,000 ತೆಗೆದಿಟ್ಟು ಮೂರು ವರ್ಷದ ಪರೀಕ್ಷೆ, ವಾಷರ್, ಜಾಲರಿ, ಟ್ಯಾಂಕ್ ತೊಳೆಸುವುದಕ್ಕೆ ಮೀಸಲಿಡಿ. ಟ್ರಸ್ಟ್ ತನ್ನ ಎಫ್‌ಸಿ-4 ವಾರ್ಷಿಕ ವಿವರವನ್ನು ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಅದರ ಸ್ವೀಕೃತಿಯ ಒಂದು ಪ್ರತಿ ನಿಮ್ಮ ಕಡತದಲ್ಲೂ ಇರಲಿ.