38 ಕಿಲೋದ ಹುಡುಗಿ 90 ಕಿಲೋದ ಗಂಡಸನ್ನು ಕೆಡವಬಲ್ಲಳೇ?

ಮಣಿಪಾಲದ ಅಪ್ಪ:
ನನ್ನ ಮಗಳು ಎಂಟನೇ ತರಗತಿಯಲ್ಲಿದ್ದಾಳೆ, ಕರಾಟೆ ಕಲಿಯುತ್ತಿದ್ದಾಳೆ. ಕಳೆದ ಭಾನುವಾರ ಉಡುಪಿಯಲ್ಲಿ ಅವರ ತರಗತಿಯ ಪ್ರದರ್ಶನವಿತ್ತು. ಅವಳ ತೂಕ 38 ಕಿಲೋ. ಸುಮಾರು 90 ಕಿಲೋ ತೂಗುವ ತರಬೇತುದಾರರೊಬ್ಬರು ಹಿಂದಿನಿಂದ ಬಂದು ತಬ್ಬಿ ಹಿಡಿದರು. ಅವಳು ಮೊಣಕೈಯಿಂದ ತಿವಿದು, ಕೈ ತಿರುಚಿ, ಅವರನ್ನು ಕೆಡವಿದಳು. ತಂತ್ರ ಗೊತ್ತಿದ್ದರೆ ಎದುರಾಳಿಯ ಗಾತ್ರ ಲೆಕ್ಕಕ್ಕೇ ಇಲ್ಲ ಎಂದು ಮೈಕಿನಲ್ಲಿ ಘೋಷಿಸಿದರು. ಅವಳು ಅದನ್ನು ಪೂರ್ತಿ ನಂಬಿದ್ದಾಳೆ. ಟ್ಯೂಷನ್ ಮುಗಿಸಿ ರಾತ್ರಿ ಒಬ್ಬಳೇ ಬರುತ್ತೇನೆ, ಇನ್ನು ನೀವು ಬರುವುದು ಬೇಡ ಎನ್ನುತ್ತಿದ್ದಾಳೆ. ಅವಳ ಧೈರ್ಯ ಕಂಡು ಸಂತೋಷವಾಗಿದೆ. ಆದರೆ ಆ ಮಾತು ನಿಜವೇ? ಕಲಿತವರು, ಕಲಿಸುವವರು ದಯವಿಟ್ಟು ಹೇಳಿ.

ಸುರತ್ಕಲ್ ಮಾಸ್ಟರ್:
ಕರಾಟೆ ಕಲಿಸುವವನಾಗಿ ಹೇಳುತ್ತೇನೆ, ಮಗಳ ಮೇಲೆ ಅನುಮಾನ ಬೇಡ. ಗಾತ್ರವೇ ಎಲ್ಲವನ್ನೂ ತೀರ್ಮಾನಿಸುವಂತಿದ್ದರೆ ಇಷ್ಟು ಶತಮಾನ ಜನ ಈ ವಿದ್ಯೆಗಳಿಗಾಗಿ ಬೆವರು ಸುರಿಸುತ್ತಿರಲಿಲ್ಲ. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಎಂಬ, ಎಲ್ಲ ಬಗೆಯ ಹೋರಾಟದವರೂ ಸೆಣಸುವ ಪಂದ್ಯಾವಳಿ ಮೊದಲ ಸಲ ನಡೆದಾಗ ತೂಕದ ವಿಭಾಗಗಳೇ ಇರಲಿಲ್ಲ. ಬ್ರೆಜಿಲ್‌ನ ರಾಯ್ಸ್ ಗ್ರೇಸಿ, ಸುಮಾರು 80 ಕಿಲೋದ ಸಪೂರ ಮನುಷ್ಯ, ಒಂದೇ ರಾತ್ರಿಯಲ್ಲಿ ಮೂವರನ್ನು ಮಣಿಸಿದರು. ಮುಂದಿನ ವರ್ಷದ ಡಿಸೆಂಬರಿನಲ್ಲಿ 115 ಕಿಲೋದಷ್ಟಿದ್ದ ಕುಸ್ತಿಪಟು ಡ್ಯಾನ್ ಸೆವರ್ನ್ ಮೇಲೆ ಬಿದ್ದು ಒತ್ತುತ್ತಿದ್ದಾಗ, ಕೆಳಗೆ ಮಲಗಿದ್ದಲ್ಲಿಂದಲೇ ಕಾಲುಗಳಲ್ಲಿ ಅವರ ಕುತ್ತಿಗೆ ಬಿಗಿದು ಸೋಲೊಪ್ಪಿಸಿದರು. ಬಾಕ್ಸಿಂಗ್ ನೋಡಿ: 1919ರ ಜುಲೈ 4ರಂದು ಜಾಕ್ ಡೆಂಪ್ಸಿ ತಮಗಿಂತ 26 ಕಿಲೋ ಹೆಚ್ಚು ತೂಗುತ್ತಿದ್ದ, ಆರೂವರೆ ಅಡಿಯ ಜೆಸ್ ವಿಲ್ಲಾರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಏಳು ಸಲ ಉರುಳಿಸಿದರು. ಇದು ಕಥೆಯಲ್ಲ, ದಾಖಲೆ.

ಬಜ್ಪೆಯ ಮೇಷ್ಟ್ರು:
ಮಾಸ್ಟರ್, ನೀವು ಹೇಳಿದ್ದೆಲ್ಲ ನಡೆದದ್ದೇ, ಆದರೆ ಅರ್ಧಕ್ಕೆ ನಿಲ್ಲಿಸಿದ್ದೀರಿ. ಸೆವರ್ನ್ ಅವರನ್ನು ಮಣಿಸಲು ಗ್ರೇಸಿಗೆ ಹದಿನೈದು ನಿಮಿಷಕ್ಕೂ ಹೆಚ್ಚು ಬೇಕಾಯಿತು. ಅದೇ ವರ್ಷ ಕಿಮೋ ಲಿಯೋಪೋಲ್ಡೊ ಎಂಬ ದೈತ್ಯನನ್ನು ಗೆದ್ದ ಮೇಲೆ ಎಷ್ಟು ದಣಿದಿದ್ದರೆಂದರೆ ಮುಂದಿನ ಪಂದ್ಯ ಆಡಲಾಗದೆ ಹಿಂದೆ ಸರಿದರು. ನೆಲಕ್ಕೆ ಕೆಡವಿ ಮಣಿಸುವ ಜಿಯು-ಜಿತ್ಸು ವಿದ್ಯೆಯನ್ನು ಚಿಕ್ಕಂದಿನಿಂದ ಮನೆಯಲ್ಲೇ ಕಲಿತವರು ಗ್ರೇಸಿ. ಎದುರಾಳಿಗಳಿಗೋ ಆಗ ನೆಲದ ಮೇಲಿನ ಆ ಪಟ್ಟುಗಳ ಗಂಧವೇ ಇರಲಿಲ್ಲ. ಎಲ್ಲರೂ ಕಲಿತುಕೊಂಡ ಮೇಲೆ, 1997ರಲ್ಲಿ, ಯುಎಫ್‌ಸಿ ಕೂಡ ತೂಕದ ವಿಭಾಗಗಳನ್ನು ತಂದಿತು. ಇನ್ನು ಡೆಂಪ್ಸಿ 85 ಕಿಲೋದ ಮನುಷ್ಯ, ಮಗುವಲ್ಲ. 1934ರಲ್ಲಿ ಟಾಮಿ ಲಾಫ್ರನ್, ಹೊಡೆತ ತಪ್ಪಿಸಿಕೊಳ್ಳುವುದರಲ್ಲಿ ಎತ್ತಿದ ಕೈ ಎನಿಸಿದ್ದ ಮಾಜಿ ಚಾಂಪಿಯನ್, ತಮಗಿಂತ 39 ಕಿಲೋ ಭಾರದ ಪ್ರೀಮೊ ಕಾರ್ನೆರಾ ಎದುರು ಹದಿನೈದು ಸುತ್ತು ಆಡಿ ಅಂಕಗಳಲ್ಲಿ ಸೋತರು. ಕೌಶಲದಲ್ಲಿ ಲಾಫ್ರನ್ ಎಷ್ಟೋ ಮೇಲಿದ್ದರು. ಆ ಪಂದ್ಯವನ್ನು ಯಾವ ಪ್ರದರ್ಶನದಲ್ಲೂ ಯಾರೂ ಹೇಳುವುದಿಲ್ಲ.

ಲೆಕ್ಕ ನೋಡೋಣ. ಒಂದೇ ಮೈಕಟ್ಟಿನ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಹತ್ತು ಶೇಕಡಾ ಎತ್ತರವಿದ್ದರೆ, ಬಲವನ್ನು ನಿರ್ಧರಿಸುವ ಸ್ನಾಯುವಿನ ಅಡ್ಡಕೊಯ್ತ (ಅಡ್ಡಲಾಗಿ ಕತ್ತರಿಸಿದರೆ ಕಾಣುವ ವಿಸ್ತೀರ್ಣ) ಸುಮಾರು 21 ಶೇಕಡಾ ಹೆಚ್ಚುತ್ತದೆ, ತೂಕ ಸುಮಾರು 33 ಶೇಕಡಾ. ಆದ್ದರಿಂದ ತನ್ನ ತೂಕಕ್ಕೆ ಹೋಲಿಸಿದರೆ ಚಿಕ್ಕವನೇ ಬಲಶಾಲಿ. ಆದರೆ ಹೊಡೆತ ತಿನ್ನುವವನಿಗೆ ಆ ಹೋಲಿಕೆಯಿಂದ ಏನೂ ಸಿಗುವುದಿಲ್ಲ, ಅವನ ಮೈಮೇಲೆ ಬೀಳುವುದು ಒಟ್ಟು ಬಲ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತುವ ಸ್ಪರ್ಧೆಯ 56 ಕಿಲೋ ವಿಭಾಗದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ತಮ್ಮ ತೂಕದ ನಾಲ್ಕು ಪಟ್ಟಿಗೂ ಮಿಗಿಲು! ಅದೇ ಕೂಟದ ಅತಿ ಭಾರದ ವಿಭಾಗದಲ್ಲಿ ಚಿನ್ನ ಗೆದ್ದವರು ಎತ್ತಿದ್ದು 403 ಕಿಲೋ. ಇಬ್ಬರೂ ನುರಿತವರೇ. ಆ 154 ಕಿಲೋದ ವ್ಯತ್ಯಾಸವನ್ನು ಯಾವ ತಂತ್ರ ತುಂಬೀತು ಹೇಳಿ.

ಬ್ರಹ್ಮಾವರದವನು:
ಗಾಮಾ ಪೈಲ್ವಾನರನ್ನು ಮರೆತಿರಾ ಮೇಷ್ಟ್ರೇ? ಐದು ಅಡಿ ಏಳು ಇಂಚಿನವರು. ತಮಗಿಂತ ಒಂದು ಅಡಿಗೂ ಹೆಚ್ಚು ಎತ್ತರದ ರಹೀಮ್ ಬಕ್ಷ್ ಸುಲ್ತಾನಿವಾಲಾ ಎದುರು ನಿಂತವರು.

ಬಜ್ಪೆಯ ಮೇಷ್ಟ್ರು:
ಗಾಮಾ ಗಿಡ್ಡರಿದ್ದರು, ಹಗುರ ಇರಲಿಲ್ಲ. ಅವರ ಎದೆ, ತೊಡೆಗಳ ಚಿತ್ರ ನೋಡಿ. ಎತ್ತರವನ್ನೂ ತೂಕವನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಈ ವಾದ ಮುಗಿಯುವುದಿಲ್ಲ.

ಕಾಪು ಕಬಡ್ಡಿ:
ನಾನು ಊರಿನ ತಂಡದಲ್ಲಿ ಎಡ ಕಾರ್ನರ್‌ನಲ್ಲಿ ಆಡುತ್ತಿದ್ದವನು, ತೂಕ ಅರವತ್ತರ ಒಳಗೆ. ಮಾಸ್ಟರ್ ಮತ್ತು ಮೇಷ್ಟ್ರು ಇಬ್ಬರೂ ಅಂಕಣದ ಹೊರಗೆ ನಿಂತು ಮಾತನಾಡುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ.

ದೊಡ್ಡ ರೈಡರ್‌ನನ್ನು ಚಿಕ್ಕ ಕ್ಯಾಚರ್ ಒಬ್ಬನೇ ಹಿಡಿಯುವುದನ್ನು ನಮ್ಮ ಕರಾವಳಿಯಲ್ಲಿ ನೋಡದವರಿಲ್ಲ. ಅದು ಹೇಗೆ ಸಾಧ್ಯವಾಗುತ್ತದೆ? ಬೋನಸ್ ಗೆರೆ ದಾಟಲು ರೈಡರ್ ಒಂದು ಪಾದ ಮುಂದೆ ಚಾಚಿ ಹಿಂದಿನ ಪಾದ ಎತ್ತುತ್ತಾನೆ. ಆಗ ಅವನ ಇಡೀ ಭಾರ ಒಂದೇ ಪಾದದ ಮೇಲಿರುತ್ತದೆ, ಮೈ ವಾಲಿರುತ್ತದೆ. ಆ ಕ್ಷಣದಲ್ಲಿ ಆ ಪಾದದ ಗಂಟಿಗೆ ಎರಡೂ ಕೈ ಹಾಕಿ ಎಳೆದುಕೊಂಡರೆ 85 ಕಿಲೋದವನೂ ಬೀಳುತ್ತಾನೆ. ಅರ್ಧ ಕ್ಷಣ ತಡವಾಯಿತೋ, ಎತ್ತಿದ ಪಾದ ನೆಲಕ್ಕೆ ಬಂತೋ, ಅದೇ ಮನುಷ್ಯ ನನ್ನನ್ನು ಮಧ್ಯದ ಗೆರೆಯವರೆಗೂ ಎಳೆದುಕೊಂಡೇ ಹೋಗುತ್ತಾನೆ. ನನ್ನ ಕೈಯ ಬಲ ಎರಡೂ ಸಲ ಅಷ್ಟೇ, ಕಲಿತ ಪಟ್ಟೂ ಅದೇ. ಅವನು ಯಾವ ಭಂಗಿಯಲ್ಲಿ ಸಿಕ್ಕ ಎಂಬುದಷ್ಟೇ ಬೇರೆ. ಸೊಂಟಕ್ಕೋ ಎದೆಗೋ ಕೈ ಹಾಕುವ ಧೈರ್ಯ ನನ್ನ ತೂಕದವನು ಮಾಡಬಾರದು. ಅದು ಕವರ್‌ನಲ್ಲಿ ಆಡುವ ಗಟ್ಟಿ ಆಳುಗಳ ಕೆಲಸ, ಅವರೂ ಕೈ ಕೈ ಹಿಡಿದು ಸರಪಳಿ ಕಟ್ಟಿಯೇ ಹೋಗುತ್ತಾರೆ. ಕಾಲು ಹಿಡಿದವನ ಹಿಂದೆ ಉಳಿದವರು ಬಂದು ಮುಚ್ಚದಿದ್ದರೆ ಎಷ್ಟೋ ಹಿಡಿತಗಳು ವ್ಯರ್ಥ.

ಇನ್ನೂ ಒಂದು ವಿಷಯವಿದೆ. ಊರಿನ ಪಂದ್ಯಾಟದ ಬ್ಯಾನರುಗಳಲ್ಲಿ ಇಷ್ಟು ಕಿಲೋ ವಿಭಾಗ ಎಂದು ಬರೆದಿರುತ್ತದೆ, ಆಟಗಾರರನ್ನು ತಕ್ಕಡಿಯ ಮೇಲೆ ನಿಲ್ಲಿಸಿಯೇ ಒಳಗೆ ಬಿಡುತ್ತಾರೆ. ಹಗ್ಗಜಗ್ಗಾಟಕ್ಕೂ ತಂಡದ ಒಟ್ಟು ತೂಕ ನೋಡುತ್ತಾರೆ. ಇದನ್ನು ಮಾಡಿದವರು ಆಟ ಗೊತ್ತಿಲ್ಲದವರಲ್ಲ, ಜೀವನವಿಡೀ ಮಣ್ಣಿನಲ್ಲಿ ಆಡಿದವರು. ಕಾರ್ಕಳದ ಮಮತಾ ಪೂಜಾರಿಯವರಂತಹ ಅರ್ಜುನ ಪ್ರಶಸ್ತಿ ವಿಜೇತೆ ನಮ್ಮ ಜಿಲ್ಲೆಯವರೇ. ಅವರು ಆಡಿದ ಮಟ್ಟದಲ್ಲೂ ತೂಕದ ಮಿತಿ ಇದ್ದೇ ಇತ್ತು.

ಸುರತ್ಕಲ್ ಮಾಸ್ಟರ್:
ಕಬಡ್ಡಿಯಲ್ಲಿ ಕಣ್ಣಿಗೆ ಚುಚ್ಚುವಂತಿಲ್ಲ, ಗಂಟಲಿಗೆ ಹೊಡೆಯುವಂತಿಲ್ಲ, ಮರ್ಮಕ್ಕೆ ಒದೆಯುವಂತಿಲ್ಲ. ಬೀದಿಯಲ್ಲಿ ಆ ನಿಯಮಗಳಿಲ್ಲ. 90 ಕಿಲೋದವನ ಕಣ್ಣು 38 ಕಿಲೋದವಳ ಕಣ್ಣಿಗಿಂತ ಗಟ್ಟಿಯೇನಲ್ಲ. ಒಂದು ಬೆರಳು ಸಾಕು. ಗರಡಿಗಳ ನಾಡು ನಮ್ಮದು, ವೀರ ಸೋದರರಾದ ಕೋಟಿ ಚೆನ್ನಯರನ್ನು ಪೂಜಿಸುವ ನಾಡು. ಇಲ್ಲಿನ ಹೆಣ್ಣುಮಕ್ಕಳಿಗೆ ನಿನ್ನಿಂದ ಆಗುವುದಿಲ್ಲ ಎಂದು ಹೇಳಿಕೊಡಬೇಕೇ?

ಕದ್ರಿಯ ಜೂಡೋ ಅಕ್ಕ:
ಹೇಳಿಕೊಡಬೇಡಿ ಮಾಸ್ಟರ್. ಆದರೆ ಕಣ್ಣಿಗೆ ಬೆರಳು ಹಾಕುವುದನ್ನು ನಿಮ್ಮ ತರಗತಿಯಲ್ಲಿ ಪೂರ್ಣ ಬಲದಿಂದ, ತಲೆ ತಪ್ಪಿಸಿಕೊಳ್ಳುತ್ತಿರುವ ಎದುರಾಳಿಯ ಮೇಲೆ ಯಾರಾದರೂ ಅಭ್ಯಾಸ ಮಾಡಿದ್ದಾರೆಯೇ? ಮಾಡಲಾಗುವುದಿಲ್ಲ. ಅಭ್ಯಾಸ ಮಾಡಲಾಗದ ಪೆಟ್ಟು ಗಾಬರಿಯಲ್ಲಿ ಕೈಗೆ ಬರುತ್ತದೆಂದು ನಂಬುವುದು ಕಷ್ಟ. ನೀವು ಚುಚ್ಚಬಹುದಾದರೆ ಅವನೂ ಚುಚ್ಚಬಹುದು, ಅವನ ಕೈ ಉದ್ದ ಬೇರೆ.

ನಾನು ಕಲಿತ ವಿದ್ಯೆಯ ಚರಿತ್ರೆಯನ್ನೇ ಹೇಳುತ್ತೇನೆ, ಏಕೆಂದರೆ ಈ ಪ್ರಶ್ನೆಯನ್ನು ಜೂಡೋದವರಷ್ಟು ನೋವಿನಿಂದ ಎದುರಿಸಿದವರು ಕಡಿಮೆ. ಚಿಕ್ಕವನು ದೊಡ್ಡವನನ್ನು ಎಸೆಯಬಲ್ಲ ಎಂಬುದು ಜಪಾನಿನ ಹೆಮ್ಮೆಯಾಗಿತ್ತು. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಬಾರಿಗೆ ಸೇರಿದಾಗ, ತೂಕದ ಮಿತಿಯಿಲ್ಲದ ಮುಕ್ತ ವಿಭಾಗವನ್ನೂ ಇಟ್ಟರು. ಅದರ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಆಂಟನ್ ಗೇಸಿಂಕ್, ಆರೂವರೆ ಅಡಿಯ ಆಳು, ಜಪಾನಿನ ಅಕಿಯೊ ಕಮಿನಾಗಾ ಅವರನ್ನು ತವರಿನ ಪ್ರೇಕ್ಷಕರ ಎದುರೇ ನೆಲಕ್ಕೆ ಒತ್ತಿ ಹಿಡಿದು ಗೆದ್ದರು. ಗೇಸಿಂಕ್ ಬರೀ ದೊಡ್ಡವರಲ್ಲ, ಚೆನ್ನಾಗಿ ಕಲಿತವರು. ದೊಡ್ಡವನೂ ಕಲಿತಿದ್ದರೆ ಚಿಕ್ಕವನಿಗೆ ಉಳಿಯುವ ದಾರಿ ಬಹಳ ಕಿರಿದು. 1984ರ ನಂತರ ಒಲಿಂಪಿಕ್ಸ್‌ನಲ್ಲಿ ಮುಕ್ತ ವಿಭಾಗವೇ ಇಲ್ಲ.

ಹಾಗೆಂದು ಮೇಷ್ಟ್ರ ಲೆಕ್ಕಕ್ಕೂ ನಾನು ಪೂರ್ತಿ ತಲೆಬಾಗುವುದಿಲ್ಲ. ಜಪಾನಿನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ತೂಕದ ವಿಭಾಗಗಳಿಲ್ಲ. 80 ಕಿಲೋ ವಿಭಾಗದ ಇಸಾವೊ ಒಕಾನೊ 1967 ಮತ್ತು 1969ರಲ್ಲಿ ಅದನ್ನು ಗೆದ್ದರು. ಇನ್ನೂ ಹಗುರದ ತೊಶಿಹಿಕೊ ಕೋಗಾ 1990ರಲ್ಲಿ ಭಾರೀ ಆಳುಗಳನ್ನು ದಾಟಿ ಫೈನಲ್ ತಲುಪಿ, ತಮಗಿಂತ ಬಹಳ ದೊಡ್ಡವರಾದ ನವೊಯಾ ಒಗಾವಾ ಅವರಿಗೆ ಸೋತರು. ಅಂದರೆ ಬಾಗಿಲು ಮುಚ್ಚಿಲ್ಲ. ಆದರೆ ಅದನ್ನು ದಾಟಿದವರು ಆ ಕಾಲದ ಅತ್ಯುತ್ತಮರು, ದಿನವೂ ತಮಗಿಂತ ಭಾರದವರ ಜೊತೆ ನಿಜವಾಗಿ ಸೆಣಸಿ ಅಭ್ಯಾಸ ಮಾಡಿದವರು. ಮಣಿಪಾಲದವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಲ್ಲಿದೆ. ಅಂದು ವೇದಿಕೆಯಲ್ಲಿ ಆ ತರಬೇತುದಾರರು ಬೀಳಲೆಂದೇ ಬಂದಿದ್ದರು. ಬೀಳಲು ಮನಸ್ಸಿಲ್ಲದ ದೊಡ್ಡವರೊಬ್ಬರ ಹಿಡಿತದಲ್ಲಿ ನಿಮ್ಮ ಮಗಳು ಎಂದಾದರೂ ಇದ್ದದ್ದುಂಟೇ?

ಪಡುಬಿದ್ರಿಯ ಶಿಕ್ಷಕಿ:
ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಸ್ವರಕ್ಷಣೆ ತರಬೇತಿ ಬರುತ್ತದೆ. ಒಳ್ಳೆಯದೇ. ಮಕ್ಕಳ ಧ್ವನಿ ಎತ್ತರವಾಗುತ್ತದೆ, ನಡಿಗೆ ಬದಲಾಗುತ್ತದೆ, ಅದನ್ನು ಕಣ್ಣಾರೆ ನೋಡುತ್ತೇನೆ. ಆದರೆ ನೀವೆಲ್ಲ ಗೆಲುವು, ಸೋಲು, ಫೈನಲ್ ಎನ್ನುತ್ತಿದ್ದೀರಿ. ನನ್ನ ವಿದ್ಯಾರ್ಥಿನಿಗೆ ಯಾರ ಮೇಲೂ ಗೆಲುವು ಬೇಕಿಲ್ಲ. ಮೂರು ಸೆಕೆಂಡು ಬೇಕು, ಜನರಿರುವ ಅಂಗಡಿಯ ಕಡೆ ಓಡಲು.

ಬಜ್ಪೆಯ ಮೇಷ್ಟ್ರು:
ಟೀಚರ್ ಹೇಳಿದ್ದನ್ನು ಒಪ್ಪುತ್ತೇನೆ. 2009ರಲ್ಲಿ ಬಾಕ್ಸರ್ ಡೇವಿಡ್ ಹೇ ಸುಮಾರು 99 ಕಿಲೋ ಇದ್ದುಕೊಂಡು 143 ಕಿಲೋದ ನಿಕೊಲಾಯ್ ವಾಲುಯೆವ್ ಅವರನ್ನು ಅಂಕಗಳಲ್ಲಿ ಸೋಲಿಸಿದ್ದು ಹೀಗೆಯೇ: ಹನ್ನೆರಡು ಸುತ್ತು ದೂರ ಸರಿಯುತ್ತಾ, ಸಿಕ್ಕಾಗ ಹೊಡೆದು ಮತ್ತೆ ಸರಿಯುತ್ತಾ. ಚಿಕ್ಕವನ ಕೌಶಲದ ಬಹುಭಾಗ ಕಾಲಿನಲ್ಲಿದೆ. ಹಿಡಿತಕ್ಕೆ ಸಿಕ್ಕ ಮೇಲೆ ಮಾತ್ರ ನನ್ನ ಲೆಕ್ಕವೇ ನಡೆಯುತ್ತದೆ.

ಮಣಿಪಾಲದ ಅಪ್ಪ:
ಜೂಡೋ ಅಕ್ಕನ ಪ್ರಶ್ನೆ ಓದಿ ಮಗಳನ್ನೇ ಕರೆದು ಪರೀಕ್ಷಿಸಿದೆ. ನನ್ನ ತೂಕ 74. ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದೆ, ನನ್ನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಒಂದೇ ಎಳೆತಕ್ಕೆ ಬಿಡಿಸಿಕೊಂಡಳು. ನಿಜಕ್ಕೂ ಬಿಡಿಸಿಕೊಂಡಳು, ನಾನು ಬಿಟ್ಟುಕೊಡಲಿಲ್ಲ. ಹಿಂದಿನಿಂದ ತಬ್ಬಿ ಎತ್ತಿದಾಗ ಮಾತ್ರ ಏನೂ ಮಾಡಲಾಗಲಿಲ್ಲ. ಅವಳಿಗೆ ಅಳು ಬಂತು, ನನಗೂ ಕಷ್ಟವಾಯಿತು. ಕರಾಟೆ ಬಿಡಿಸುವ ಯೋಚನೆ ನನಗಿಲ್ಲ. ಮುಂದೇನು ಮಾಡಲಿ?

ಕಾಪು ಕಬಡ್ಡಿ:
ಎತ್ತುವ ಮೊದಲೇ ಕುಸಿಯಬೇಕು. ಮಂಡಿ ಮಡಿಸಿ ಭಾರವನ್ನು ಕೆಳಗೆ ಬಿಟ್ಟರೆ 38 ಕಿಲೋದವಳನ್ನೂ ಎತ್ತುವುದು ಸುಲಭವಲ್ಲ. ಪಾದ ನೆಲ ಬಿಟ್ಟ ಮೇಲೆ ಕಲಿತದ್ದರಲ್ಲಿ ಹೆಚ್ಚಿನದು ಕೆಲಸಕ್ಕೆ ಬಾರದು.

ಸುರತ್ಕಲ್ ಮಾಸ್ಟರ್:
ನನ್ನ ತರಗತಿಯಲ್ಲಿ ಮಕ್ಕಳನ್ನು ತೂಕ ನೋಡಿಯೇ ಜೋಡಿ ಮಾಡುತ್ತೇನೆ. ಮೂಳೆ ಬೆಳೆಯುವ ವಯಸ್ಸಿನಲ್ಲಿ ದೊಡ್ಡವರ ಜೊತೆ ಬಿಟ್ಟು ಪೆಟ್ಟಾದರೆ ಜವಾಬ್ದಾರಿ ಯಾರದು? ತಂದೆ ತಾಯಿ ನನ್ನನ್ನೇ ಕೇಳುತ್ತಾರೆ. ಧೈರ್ಯದ ಬಗ್ಗೆ ನನ್ನ ಮಾತು ಬದಲಾಗುವುದಿಲ್ಲ. ಹೆದರಿ ನಿಂತವಳಿಗೆ ಯಾವ ಪಟ್ಟೂ ನೆನಪಾಗುವುದಿಲ್ಲ, ಅದನ್ನು ಮೊದಲು ತೆಗೆಯಬೇಕು.

ಕದ್ರಿಯ ಜೂಡೋ ಅಕ್ಕ:
ಪೆಟ್ಟಾಗದಂತೆ ಮಾಡಬಹುದು ಮಾಸ್ಟರ್. ಹೊಡೆತ ಬೇಡ, ಎಸೆತ ಬೇಡ. ದಪ್ಪ ಮ್ಯಾಟ್ ಹಾಕಿ. ದೊಡ್ಡವರೊಬ್ಬರು ಹಿಡಿಯಲಿ, ಮೊದಲು ಅರ್ಧ ಬಲದಲ್ಲಿ. ಮಗುವಿನ ಕೆಲಸ ಇಪ್ಪತ್ತು ಸೆಕೆಂಡಿನೊಳಗೆ ಬಿಡಿಸಿಕೊಂಡು ಗೋಡೆ ಮುಟ್ಟುವುದು. ಕೈ ತಟ್ಟಿದರೆ ತಕ್ಷಣ ಬಿಡಬೇಕು. ವಾರ ವಾರ ಹಿಡಿತ ಬಿಗಿಯಾಗುತ್ತಾ ಹೋಗಲಿ, ಹಿಡಿಯುವವರು ಬದಲಾಗುತ್ತಾ ಇರಲಿ. ಅವಳು ಸೋಲುತ್ತಾಳೆ, ಬಹಳ ಸಲ. ಯಾವ ಹಿಡಿತದಿಂದ ಹೊರಬರಬಲ್ಲೆ, ಯಾವುದಕ್ಕೆ ಸಿಗಲೇಬಾರದು ಎಂಬುದು ಅವಳಿಗೇ ತಿಳಿಯುತ್ತದೆ. ಮಣಿಪಾಲದವರೇ, ಮಗಳ ಮಾಸ್ಟರ್ ಬಳಿ ಇಷ್ಟನ್ನು ಕೇಳಿ ನೋಡಿ. ಮಾಡಿಸುತ್ತೇವೆ ಎಂದರೆ ಅಲ್ಲೇ ಮುಂದುವರಿಸಿ. ಅಲ್ಲಿಯವರೆಗೆ ರಾತ್ರಿ ಕರೆದುಕೊಂಡು ಬರಲು ನೀವೇ ಹೋಗಿ.