ಗೊಂಬೆ ಅಂಗಡಿ ಒಳಗೆ ಎಂಥ ಬೋರ್ಡ್ ಹಾಕಲಿ?

ಬಣ್ಣದ ಬುಗುರಿ, ಚನ್ನಪಟ್ಟಣ

ನಮಸ್ಕಾರ. ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ನಮ್ಮದೊಂದು ಮರದ ಗೊಂಬೆ ಅಂಗಡಿ ಇದೆ. ಹತ್ತಡಿ ಅಗಲ, ಹದಿನೆಂಟಡಿ ಉದ್ದ. 2023ರಲ್ಲಿ ಹೊಸ ಹೈವೇ ಪೂರ್ತಿ ತೆರೆದ ಮೇಲೆ ದಾರಿಯಲ್ಲಿ ಸುಮ್ನೆ ಕಾರು ನಿಲ್ಲಿಸುವವರು ಕಡಿಮೆ. ಈಗ ಗೊಂಬೆ ಬೇಕು ಅಂತಲೇ ಊರೊಳಗೆ ಬರುತ್ತಾರೆ. ಅಂಥವರೂ ಬರಿಗೈಯಲ್ಲಿ ಹೋದರೆ ಸಂಕಟವಾಗುತ್ತದೆ.

ಮೊನ್ನೆ ಒಬ್ಬ ತಾಯಿ ಗಿಲಕಿ ಎತ್ತಿಕೊಂಡರು. ತಿರುಗಿಸಿ ತಳ ನೋಡಿದರು, ಉಗುರಿನಿಂದ ಬಣ್ಣ ಕೆರೆದು ನೋಡಿದರು. ನಾನು ಇನ್ನೊಬ್ಬರ ಬಿಲ್ ಮಾಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಗಿಲಕಿ ವಾಪಸ್ ಇಟ್ಟು ಹೊರಟೇಬಿಟ್ಟರು. ಗೋಡೆ ಮೇಲೆ ಟಿಪ್ಪು ಕಾಲದಿಂದ ಹಿಡಿದು ಈ ಗೊಂಬೆಗಳ ಇತಿಹಾಸವೆಲ್ಲ ಇರುವ ದೊಡ್ಡ ಫ್ಲೆಕ್ಸ್ ಇದೆ. ಯಾರೂ ಓದುವುದಿಲ್ಲ. ಏನು ಮಾಡಲಿ?

ಬೋರ್ಡ್ ಬರಹ, ಮೈಸೂರು

ಅಕ್ಷರ ಎಷ್ಟು ದೊಡ್ಡದಿದೆ ಮೇಡಂ? ಹತ್ತಡಿ ದೂರದಿಂದ ಸಲೀಸಾಗಿ ಓದಲು ಒಂದಿಂಚು ಎತ್ತರ ಬೇಕು, ಇದು ನಮ್ಮ ಕಸುಬಿನ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ನಡುವೆ ಜಾಸ್ತಿ ಜಾಗ ಬಿಡಿ. ಹೊಳೆಯುವ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟ್ ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ನಿಮ್ಮ ಗೊಂಬೆಗಳೇ ಅಷ್ಟು ಬಣ್ಣ, ಬೋರ್ಡ್ ಬಿಳಿ ಮೇಲೆ ಕಪ್ಪು ಇರಲಿ ಸಾಕು. ಹೊರಗಿನ ನಾಮಫಲಕ ಬದಲಿಸುವುದಾದರೆ ಕನ್ನಡ ಭಾಷಾ ಕಾಯ್ದೆಗೆ ಬಂದ 2024ರ ತಿದ್ದುಪಡಿ ನೆನಪಿರಲಿ: ಶೇ. 60 ಕನ್ನಡ, ಅದೂ ಮೇಲ್ಭಾಗದಲ್ಲಿ.

ಬಿದ್ರಿ ಅಂಗಡಿ, ಬೀದರ್

ಅಕ್ಕಾ, ಆ ತಾಯಿ ಕೇಳಬೇಕಿದ್ದದ್ದು ಒಂದೇ ಮಾತು ಅಲ್ವಾ: ಮಗು ಬಾಯಿಗೆ ಹಾಕಿಕೊಂಡರೆ ಪರವಾಗಿಲ್ಲವಾ? ಉತ್ತರ ಗೋಡೆ ಮೇಲಲ್ಲ, ಗಿಲಕಿ ಪಕ್ಕದಲ್ಲೇ ಇರಬೇಕು.

ನಮ್ಮಲ್ಲಿ ಬಂದವರೆಲ್ಲ "ಇದು ಕಬ್ಬಿಣವಾ, ಪೇಂಟಾ?" ಅಂತಿದ್ದರು. ಒಂದು ವಾರ ಗಿರಾಕಿಗಳ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈಗ ಹೂಜಿ ಪಕ್ಕ ಅಂಗೈಯಗಲದ ಕಾರ್ಡ್: "ಸತು, ತಾಮ್ರದ ಎರಕ. ಕೂರಿಸಿರುವುದು ಬೆಳ್ಳಿ. ಈ ಕಪ್ಪು ಪೇಂಟ್ ಅಲ್ಲ, ಕೋಟೆಯ ಮಣ್ಣಿನಿಂದ ಬಂದದ್ದು." ಕೆಳಗೆ ಬೆಲೆ, ದಪ್ಪಕ್ಷರದಲ್ಲಿ. ಬೆಲೆ ಕೇಳಲು ನಾಚಿಕೊಂಡು ಹೋಗುವವರು ಬಹಳ ಜನ, ದಯವಿಟ್ಟು ಬೆಲೆ ಬರೆಯಿರಿ.

ಇನ್ನೊಂದು. ಜಿಐ ಗುರುತು (ಇದು ಈ ಊರಿನದೇ ಕಸುಬು ಎಂಬ ಸರ್ಕಾರಿ ಮಾನ್ಯತೆ) ಹಾಕುವ ಮೊದಲು ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿಕೊಳ್ಳಿ. ಊರಿನ ಹೆಸರು ನಮ್ಮೆಲ್ಲರದ್ದು, ಅದನ್ನು ಕಾಪಾಡಬೇಕು.

ಬಣ್ಣದ ಬುಗುರಿ, ಚನ್ನಪಟ್ಟಣ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫ್ಲೆಕ್ಸ್ ಇಳಿಸಿದೆ. ಗಿಲಕಿ ಮಾಡಿಕೊಡುವ ಅಣ್ಣನ ಹತ್ತಿರ ಹೋಗಿ ಯಾವ ಬಣ್ಣ ಯಾವುದರಿಂದ ಅಂತ ಒಂದೊಂದೇ ಕೇಳಿ ಬರೆದುಕೊಂಡೆ. ಅರಿಶಿನದ ಹಳದಿ, ನೀಲಿಗಿಡದ ನೀಲಿ ಇರುವ ಗಿಲಕಿಗಳನ್ನೇ ಬೇರೆ ಮಾಡಿ ಕಾರ್ಡ್ ಇಟ್ಟಿದ್ದೇನೆ. ಖಾತ್ರಿ ಇಲ್ಲದ ಬಣ್ಣಕ್ಕೆ ಇಂಥದ್ದರಿಂದ ಮಾಡಿದ್ದು ಅಂತ ಬರೆದಿಲ್ಲ. ಮಗುವಿನ ವಿಷಯ, ಅಂದಾಜಿನ ಮೇಲೆ ಬರೆಯಬಾರದು.

ಹಳದಿ ಗಿಲಕಿಯ ಕಾರ್ಡಿನಲ್ಲಿ ಇಷ್ಟೇ ಇದೆ: "ಹಾಲೆ ಮರ. ಅರಿಶಿನ ಬೆರೆಸಿದ ಅರಗು. ತಿರುಗುವ ಮರಕ್ಕೆ ಅರಗು ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಹಿಡಿಯುತ್ತದೆ. ತಾಳೆಗರಿಯಿಂದ ಉಜ್ಜಿದ ಹೊಳಪು." ಪಕ್ಕದಲ್ಲಿ ಅರ್ಧ ಬಣ್ಣ ಹಾಕಿದ, ಅರ್ಧ ಬರೀ ಮರದ ಗಿಲಕಿಯೊಂದನ್ನು ಇಟ್ಟಿದ್ದೇನೆ. ಜನ ಮೊದಲು ಅದನ್ನೇ ಎತ್ತಿ ಬೆರಳಾಡಿಸುತ್ತಾರೆ, ಆಮೇಲೆ ಕಾರ್ಡ್ ಓದುತ್ತಾರೆ.

ಕೆಳಗಿನ ಹಲಗೆಯಲ್ಲಿದ್ದ "ಮುಟ್ಟಬೇಡಿ" ಕಿತ್ತುಹಾಕಿ "ಬುಗುರಿ ಆಡಿಸಿ ನೋಡಿ" ಅಂತ ಬರೆದೆ. ನಿನ್ನೆ ಒಬ್ಬ ಪುಟ್ಟ ಹುಡುಗ ಅದನ್ನು ಅಕ್ಷರ ಕೂಡಿಸಿಕೊಂಡು ಜೋರಾಗಿ ಓದಿ, ಅಪ್ಪನ ಮುಖ ನೋಡಿದ.