ಲವಂಗದ ಎಣ್ಣೆಯ ವಲಯವನ್ನು ಸಿಪ್ರೊಫ್ಲಾಕ್ಸಾಸಿನ್ ವಲಯಕ್ಕೆ ಹೋಲಿಸಬಹುದೇ?

ಪ್ರಶ್ನೆ – ಎಂ.ಎಸ್ಸಿ. ವಿದ್ಯಾರ್ಥಿನಿ

ಪ್ರಾಜೆಕ್ಟಿಗಾಗಿ ಲವಂಗದ ಎಣ್ಣೆಯನ್ನೂ ಅರಿಶಿನದ ಎಥನಾಲ್ ಸಾರವನ್ನೂ ಬ್ಯಾಕ್ಟೀರಿಯಾ ಬೆಳೆಸುವ ಮುಲ್ಲರ್-ಹಿಂಟನ್ ಅಗಾರ್ ಮೇಲೆ ಡಿಸ್ಕ್ ವಿಧಾನದಿಂದ (ವಸ್ತುವನ್ನು ಹೀರಿದ ಕಾಗದದ ಬಿಲ್ಲೆಯಿಟ್ಟು) ಪರೀಕ್ಷಿಸುತ್ತಿದ್ದೇನೆ. ಡಿಸ್ಕಿಗೆ 10 ಮೈಕ್ರೊಲೀಟರ್ ಶುದ್ಧ ಎಣ್ಣೆ ಹಾಕಿದಾಗ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಮೇಲೆ ಮೂಡಿದ, ಬೆಳವಣಿಗೆಯಿಲ್ಲದ ವಲಯವು 5 ಮೈಕ್ರೊಗ್ರಾಂ ಸಿಪ್ರೊಫ್ಲಾಕ್ಸಾಸಿನ್ (ಆಂಟಿಬಯಾಟಿಕ್) ಡಿಸ್ಕಿನ ವಲಯಕ್ಕಿಂತ ತುಸುವೇ ಚಿಕ್ಕದು; ಸ್ಯೂಡೊಮೊನಾಸ್ ಎರುಜಿನೋಸಾ ಮೇಲೆ ವಲಯವೇ ಮೂಡಲಿಲ್ಲ. ಅರಿಶಿನದ ಸಾರಕ್ಕಂತೂ ಎಲ್ಲಿಯೂ ಫಲಿತಾಂಶವಿಲ್ಲ. ಲವಂಗದ ಎಣ್ಣೆ ಆಂಟಿಬಯಾಟಿಕ್‌ಗೆ ಸರಿಸುಮಾರು ಸಮ, ಅರಿಶಿನ ನಿಷ್ಕ್ರಿಯ ಎಂದು ಬರೆಯಬಹುದೇ?

ಉತ್ತರ – ಸಂಶೋಧಕ

ಎರಡನ್ನೂ ಬರೆಯಬೇಡಿ. 10 ಮೈಕ್ರೊಲೀಟರ್ ಲವಂಗದ ಎಣ್ಣೆಯ ತೂಕ ಹತ್ತು ಮಿಲಿಗ್ರಾಂಗಿಂತ ತುಸು ಹೆಚ್ಚು. ಅಂದರೆ ನೀವು ಹೋಲಿಸುತ್ತಿರುವ ಔಷಧಕ್ಕಿಂತ ಎರಡು ಸಾವಿರ ಪಟ್ಟಿಗೂ ಮಿಗಿಲಾದ ಪ್ರಮಾಣವನ್ನು ಹಾಕಿ ಅದಕ್ಕಿಂತ ಚಿಕ್ಕ ವಲಯವನ್ನು ಪಡೆದಿದ್ದೀರಿ. ಅಲ್ಲದೆ ವಲಯದ ಅಗಲವು ವಸ್ತುವಿನ ಶಕ್ತಿಯನ್ನು ಮಾತ್ರವಲ್ಲ, ಅದು ನೀರಿನಂಶದ ಅಗಾರಿನಲ್ಲಿ ಎಷ್ಟು ದೂರ ಹರಡಬಲ್ಲದು ಎಂಬುದನ್ನೂ ಅವಲಂಬಿಸಿದೆ. ಅರಿಶಿನದ ಮುಖ್ಯ ಸಕ್ರಿಯ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದು ಡಿಸ್ಕಿನ ಬಳಿಯೇ ಉಳಿದಿರಬಹುದು.

ದ್ರವ ಮಾಧ್ಯಮದಲ್ಲಿ ದುರ್ಬಲೀಕರಿಸಿ ಎಂಐಸಿ (ಬೆಳವಣಿಗೆಯನ್ನು ತಡೆಯುವ ಕನಿಷ್ಠ ಸಾಂದ್ರತೆ) ಕಂಡುಹಿಡಿಯಿರಿ. ಎಣ್ಣೆ ಬೆರೆಯಲು ಅಲ್ಪ ಪ್ರಮಾಣದ ಟ್ವೀನ್ 80 (ಎಣ್ಣೆ-ನೀರು ಬೆರೆಸುವ ವಸ್ತು), ಸಾರಕ್ಕೆ ಡಿಎಂಎಸ್‌ಒ ಎಂಬ ದ್ರಾವಕ ಬಳಸಿ, ಇವನ್ನು ಮಾತ್ರ ಹಾಕಿದ ಗುಂಡಿಗಳನ್ನೂ (ಪರೀಕ್ಷಾ ಪ್ಲೇಟಿನ ಕುಳಿಗಳು) ಇಡಿ. ಈ ನಿಯಂತ್ರಣವಿಲ್ಲದ ಪ್ರಬಂಧಗಳನ್ನು ನಾನಂತೂ ಮುಂದೆ ಓದುವುದಿಲ್ಲ. ಎಣ್ಣೆಯ ಆವಿ ಪಕ್ಕದ ಗುಂಡಿಗಳ ಬೆಳವಣಿಗೆಯನ್ನೂ ತಡೆಯಬಲ್ಲದಾದ್ದರಿಂದ ಪ್ಲೇಟನ್ನು ಮೊಹರು ಮಾಡಿ. ಅರಿಶಿನದ ಹಳದಿ ಬಣ್ಣದಲ್ಲಿ ಬೆಳವಣಿಗೆಯನ್ನು ತೋರುವ ಮಸುಕು ಕಾಣುವುದು ಕಷ್ಟ. ಜೀವಂತ ಕೋಶಗಳಿದ್ದರೆ ನೀಲಿಯಿಂದ ಗುಲಾಬಿಗೆ ತಿರುಗುವ ರೆಸಾಜುರಿನ್ ಎಂಬ ಬಣ್ಣ ನೆರವಾಗುತ್ತದೆ. ಆದರೆ ಸಾರದ ಫೀನಾಲ್‌ಗಳೇ ಆ ಬಣ್ಣವನ್ನು ಬದಲಿಸುವ ಸಂಭವವಿರುವುದರಿಂದ ಬ್ಯಾಕ್ಟೀರಿಯಾ ಇಲ್ಲದ ಸಾರದ ಗುಂಡಿಯೂ ಜೊತೆಗಿರಲಿ.

ಉತ್ತರ – ಉಪನ್ಯಾಸಕಿ

ಸ್ಯೂಡೊಮೊನಾಸ್ ಫಲಿತಾಂಶ ಅನಿರೀಕ್ಷಿತವೇನಲ್ಲ. ಲವಂಗದ ಎಣ್ಣೆಯ ಮುಖ್ಯ ಅಂಶವಾದ ಯೂಜೆನಾಲ್ ಮುಖ್ಯವಾಗಿ ಕೋಶಪೊರೆಯನ್ನು ಕೆಡಿಸಿ ಒಳಗಿನ ಅಯಾನುಗಳು ಸೋರುವಂತೆ ಮಾಡುತ್ತದೆ. ಸ್ಯೂಡೊಮೊನಾಸ್‌ನಂಥ ಗ್ರಾಂ-ಋಣ ಬ್ಯಾಕ್ಟೀರಿಯಾಗಳ ಹೊರಪೊರೆ ಅದನ್ನು ತಡೆಯುತ್ತದೆ, ಒಳಹೊಕ್ಕದ್ದನ್ನು ಹೊರದಬ್ಬುವ ಪಂಪುಗಳು ಸ್ಯೂಡೊಮೊನಾಸ್‌ನಲ್ಲಿ ವಿಶೇಷವಾಗಿ ಪ್ರಬಲ. ಈ ಫಲಿತಾಂಶವನ್ನು ಕೈಬಿಡದೆ ವರದಿ ಮಾಡಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಎಂಐಸಿ ಸಿಕ್ಕ ಮೇಲೆ "ಔಷಧವಾಗಿ ಬಳಸಬಹುದು" ಎಂದು ಕೊನೆಯಲ್ಲಿ ಸೇರಿಸಬಹುದೇ?

ಉತ್ತರ – ಔಷಧಶಾಸ್ತ್ರಜ್ಞ

ಎಣ್ಣೆಯ ಎಂಐಸಿ ಮಿಲಿಲೀಟರಿಗೆ ಮಿಲಿಗ್ರಾಂಗಳ ಆಸುಪಾಸಿನಲ್ಲಿ ಬಂದರೆ ಅಂಥ ಸಾಂದ್ರತೆಯನ್ನು ರಕ್ತದಲ್ಲಿ ಸುರಕ್ಷಿತವಾಗಿ ತಲುಪಲಾಗದು. ಲವಂಗದ ಎಣ್ಣೆ ನುಂಗಿದ ಚಿಕ್ಕಮಕ್ಕಳಿಗೆ ಯಕೃತ್ತಿನ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಹಲ್ಲಿನ ತಾತ್ಕಾಲಿಕ ಭರ್ತಿಯಲ್ಲಿ ಸತುವಿನ ಆಕ್ಸೈಡಿನೊಂದಿಗೆ ಯೂಜೆನಾಲ್ ಬಳಸುವಂತೆ ಸ್ಥಳೀಯ ಬಳಕೆಯ ಸಾಧ್ಯತೆಯನ್ನಷ್ಟೇ ಸೂಚಿಸಿ, ಅದಕ್ಕೂ ಮುನ್ನ ಮಾನವ ಕೋಶಗಳ ಮೇಲಿನ ವಿಷತ್ವ ಪರೀಕ್ಷೆ ಅಗತ್ಯವೆಂದು ಬರೆಯಿರಿ. ಎಣ್ಣೆ ಅಂಗಡಿಯದ್ದಾದರೆ ಜಿಸಿ-ಎಂಎಸ್ (ಘಟಕಗಳನ್ನು ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಮಾಡಿಸಿ ಯೂಜೆನಾಲ್ ಶೇಕಡಾವಾರನ್ನೂ ನಮೂದಿಸಿ. ಕಲಬೆರಕೆ ಎಣ್ಣೆಯ ಎಂಐಸಿಯಿಂದ ಯಾರಿಗೂ ಪ್ರಯೋಜನವಿಲ್ಲ.